ಗೆರೆ ಸಾಹೇಬರ ಎರಡು ಪದಕಗಳು

ನಿವೃತ್ತ ಸೈನಿಕರ ಸಹಾಯ ಕಚೇರಿಯಲ್ಲಿ ನಾನು ಅರ್ಜಿ ಬರೆಯುವವಳು. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕಿರುಗುಟ್ಟುವ ಕುರ್ಚಿ. ಹುಟ್ಟಿದ ತಾರೀಖು ತಪ್ಪಾದವರು, ಹೆಂಡತಿಯ ಹೆಸರು ಬಿಟ್ಟುಹೋದವರು, ಕಾಗದದಲ್ಲಿ ಸತ್ತುಹೋಗಿ ನನ್ನೆದುರು ನಿಂತು ಕೆಮ್ಮುವವರು, ಎಲ್ಲರೂ ನನ್ನ ಹತ್ತಿರವೇ ಬರಬೇಕು. ಈ ಹೆಂಗಸಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೊರಗಿನ ಬೆಂಚಿನಲ್ಲಿ ಕುಳಿತವರು ಮಾತಾಡಿಕೊಳ್ಳುತ್ತಾರೆ. ನನಗೆ ಕೇಳಿಸಲಿ ಎಂದೇ ಮಾತಾಡುತ್ತಾರೆ. ಎಷ್ಟೋ ಮುದುಕರ ಮೇಲೆ ರೇಗಿದ್ದೇನೆ, ಸಂಜೆಗೆ ಮರೆತಿದ್ದೇನೆ. ಗೆರೆ ಸಾಹೇಬರ ಮೇಲೆ ರೇಗಿದ್ದನ್ನು ಮಾತ್ರ ಮರೆಯಲು ಆಗಿಲ್ಲ.

ಗೆರೆ ಸಾಹೇಬರು ಎಂಬುದು ಆ ಬೆಂಚಿನವರೇ ಇಟ್ಟ ಹೆಸರು. ಹದಿನೆಂಟಕ್ಕೆ ಸಿಪಾಯಿಯಾಗಿ ಸೇರಿ, ಕೈಬರಹ ಚೆನ್ನಾಗಿದೆಯೆಂದು ಗುಮಾಸ್ತಿಕೆಗೆ ಬಿದ್ದು, ಒಂದೊಂದೇ ಮೆಟ್ಟಿಲು ಹತ್ತಿ ಕ್ಯಾಪ್ಟನ್ ಆಗಿ, ಅದೇ ಹುದ್ದೆಯಲ್ಲೇ ನಿವೃತ್ತರಾದವರು. ವಯಸ್ಸು ಎಪ್ಪತ್ತೆಂಟು. ಏನೇ ಬರೆಯಬೇಕಾದರೂ ಜೇಬಿನಿಂದ ಆರಿಂಚಿನ ಸ್ಕೇಲು ತೆಗೆದು, ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಅಕ್ಷರ ಕೂರಿಸುತ್ತಿದ್ದರು. ತಪ್ಪಾದರೆ ಗೀಚುವವರಲ್ಲ, ಸ್ಕೇಲಿಟ್ಟು ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಚಿಕ್ಕ ರುಜು ಹಾಕುವರು. "ಸಾಹೇಬ್ರು ಗೆರೆ ಮುಗಿಸೋ ಹೊತ್ತಿಗೆ ನಮ್ಮ ಆಯಸ್ಸೇ ಮುಗಿದುಹೋಗುತ್ತೆ" ಎಂದು ಹಿಂದೆ ನಿಂತವರು ಗೊಣಗಿದರೆ ಮೊದಲು ನಗುತ್ತಿದ್ದವರು ಅವರೇ.

ಆ ದಿನ ಬಂದಾಗ ಮುಖದಲ್ಲಿ ನಗು ಇರಲಿಲ್ಲ. "ನನ್ನ ಸೇವಾ ದಾಖಲೇಲಿ ಎರಡು ಪದಕ ಬಿಟ್ಟುಹೋಗಿವೆ, ಅಮ್ಮ. ಸೇರಿಸ್ಬೇಕು" ಎಂದರು. ಒಂದು ಹಿಮದ ಎತ್ತರದ ಠಾಣೆಯಲ್ಲಿ ಇದ್ದುದಕ್ಕೆ, ಇನ್ನೊಂದು ಅಲ್ಲೇ ನಡೆದ ಒಂದು ಚಳಿಗಾಲದ ಕಾಳಗಕ್ಕೆ. ನಲವತ್ತೊಂದು ವರ್ಷದ ಹಿಂದಿನ ಮಾತು.

"ನಲವತ್ತೊಂದು ವರ್ಷ ನಿದ್ದೆ ಮಾಡ್ತಿದ್ರಾ ಸಾರ್? ಈಗ ಯಾವ ಕೋಟಿಗೆ ಚುಚ್ಚಿಕೊಳ್ಳೋಕೆ?"

"ಚುಚ್ಚಿಕೊಳ್ಳೋಕಲ್ಲ. ನಮ್ಮ ಮನೆಯವಳಿಗೆ ತೋರಿಸ್ಬೇಕು."

"ತೋರಿಸೋಕೆ ತಾನೆ? ಅಂಗಡೀಲಿ ಸಿಗುತ್ತೆ, ತಗೊಂಡು ಹೋಗಿ" ಎಂದು ನಕ್ಕೆ. ಅವರು ಕುಳಿತು ಸ್ಕೇಲು ತೆಗೆದರು. ಗೆರೆ ಸೊಟ್ಟಗೆ ಬಂತು. ಅವರ ಕೈಯಲ್ಲಿ ಸೊಟ್ಟ ಗೆರೆಯನ್ನು ನಾನು ನೋಡಿದ್ದು ಅದೇ ಮೊದಲು. ನಾಲಗೆ ಕಚ್ಚಿಕೊಂಡು ಚಹಾ ತರಿಸಿದೆ. ಚಹಾ ಮುಗಿಸಿ ಲೋಟ ಕೆಳಗಿಟ್ಟು ಹೇಳಿದರು.

ನಿವೃತ್ತ ಅಧಿಕಾರಿಗಳ ಸಂಘದ ವಾರ್ಷಿಕ ಕೂಟದಲ್ಲಿ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು ಅವರ ಸೇವೆಯನ್ನು ದಾಖಲೆಯಿಂದ ಓದಿದರಂತೆ. ಇವರ ಸರದಿ ಬಂದಾಗ ಕಾರ್ಯದರ್ಶಿ ಓದಿದ್ದು, ಹಿಮದ ಠಾಣೆಯ ಆ ಎರಡು ವರ್ಷ ಇವರು ಬೆಟ್ಟದ ಬುಡದಲ್ಲಿರುವ ತಳದ ಶಿಬಿರದ ಕಚೇರಿಯಲ್ಲಿದ್ದರು ಎಂದು. ಎರಡನೆಯ ಸಾಲಿನಲ್ಲಿ ಇವರ ಹೆಂಡತಿ ಕುಳಿತಿದ್ದರು.

ಆ ಎರಡು ವರ್ಷದೊಳಗಿನ ಒಂದು ಚಳಿಗಾಲದಲ್ಲೇ ಇವರ ಒಬ್ಬಳೇ ಮಗಳು ತೀರಿಕೊಂಡದ್ದು. ಆರು ವರ್ಷದ ಮಗು, ಗಂಟಲಿನ ಕಾಯಿಲೆ, ಹನ್ನೊಂದು ದಿನ ಆಸ್ಪತ್ರೆ. ತಾಯಿ ಒಬ್ಬಳೇ ಎತ್ತಿಕೊಂಡು ಓಡಾಡಿದಳು, ಒಬ್ಬಳೇ ಮಣ್ಣಿಗೆ ಕೊಟ್ಟಳು. ಗಂಡ ಬರಲಿಲ್ಲ. ಅವರು ಮೇಲಿನ ಠಾಣೆಯಲ್ಲಿದ್ದರು, ಕಣಿವೆ ಹಿಮದಲ್ಲಿ ಮುಚ್ಚಿತ್ತು, ಸುದ್ದಿ ಸಿಕ್ಕಿದ್ದೇ ಎಲ್ಲ ಮುಗಿದ ಮೇಲೆ, ಎಂಬ ನಂಬಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಆಕೆ ನಲವತ್ತೊಂದು ವರ್ಷ ಬದುಕಿದ್ದರು. ತಳದ ಶಿಬಿರವಾದರೆ ಹಾಗಲ್ಲ. ಆಗ ಸಂಸಾರವಿದ್ದದ್ದು ಕೆಳಗಿನ ದಂಡಿನೂರಿನಲ್ಲಿ, ಬೆಳಿಗ್ಗೆ ಶಿಬಿರದಲ್ಲಿ ಬಸ್ಸು ಹತ್ತಿದರೆ ಸಂಜೆಗೆ ಮನೆ.

"ಮನೆಗೆ ಬರ್ತಾ ದಾರೀಲಿ ಒಂದೇ ಮಾತು ಕೇಳಿದ್ಲು. 'ಹಾಗಾದ್ರೆ ನೀವು ಕೆಳಗೇ ಇದ್ರಾ?' ಅಂತ. ಇಲ್ಲ ಕಣೇ ಅಂದೆ. ಹಳೇ ಕಾಗದದ ಕಟ್ಟು ತೆಗೆದು ನೋಡಿದ್ಲು. ಮೇಲಿಂದ ಬರೆದಿದ್ದಕ್ಕೂ ಅಂಚೆ ಮುದ್ರೆ ತಳದ ಶಿಬಿರದ್ದೇ ಅಲ್ವಾ, ಅಮ್ಮ. ಅವತ್ತಿಂದ ಮಾತಿಲ್ಲ. ತಟ್ಟೆ ಇಡ್ತಾಳೆ, ನೀರು ಇಡ್ತಾಳೆ, ಆ ಕಡೆ ರೂಮಿಗೆ ಹೋಗಿ ಕೂತ್ಕೋತಾಳೆ."

"ಜೊತೇಲಿದ್ದವರು ಯಾರಾದ್ರೂ ಹೇಳಬಹುದಲ್ಲ ಸಾರ್?"

"ಬಹಳ ಜನ ಹೋಗಿಬಿಟ್ರು. ಉಳಿದವರು ನನ್ನ ಸ್ನೇಹಿತರು, ನಾನು ಹೇಳಿಕೊಟ್ಟಿದ್ದನ್ನೇ ಹೇಳ್ತಾರೆ ಅಂತಾಳೆ. ಸರ್ಕಾರದ ಕಾಗದ ತಾನೆ ಹೀಗೆ ಹೇಳಿದ್ದು, ಅದೇ ಹಾಗಲ್ಲ ಅಂತ ಹೇಳ್ಬೇಕು. ನಾನು ಮೇಲೇ ಇದ್ದೆ, ಅಮ್ಮ. ಅದೊಂದನ್ನ ಬರೆಸಿಕೊಡಿ. ಸಾಯೋದ್ರೊಳಗೆ ಅವಳು ಒಂದ್ಸಲ 'ರೀ' ಅಂತ ಕರೆದ್ರೆ ಸಾಕು."

ಈ ಮನುಷ್ಯನಿಗೆ ಅಂಗಡಿಯಲ್ಲಿ ಸಿಗುತ್ತೆ ಎಂದಿದ್ದೆನಲ್ಲ!

ದಾಖಲೆ ತಪ್ಪಿದ್ದು ಹೇಗೆಂದು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತುಕಡಿಯಲ್ಲಿ ಯಾರು ಯಾವತ್ತು ಎಲ್ಲಿಗೆ ಹೋದರು ಎಂಬ ದಿನದ ಆದೇಶ ಬರೆದು ರುಜು ಹಾಕುವ ಕೆಲಸ ಇವರದೇ ಆಗಿತ್ತು. ನೂರ ಹನ್ನೆರಡು ಜನ ಮೇಲಿನ ಠಾಣೆಗೆ ಹತ್ತಿದ್ದನ್ನು ಇವರೇ ಬರೆದು ರುಜು ಹಾಕಿದರು. ಆದರೆ ತನ್ನ ಹೆಸರಿನ ಮುಂದೆ ತಾನೇ ರುಜು ಹಾಕುವಂತಿಲ್ಲ, ಮೇಲಧಿಕಾರಿ ಹಾಕಬೇಕು. ತನ್ನ ಹೆಸರು ಬರೆದು, ರುಜುವಿನ ಜಾಗ ಖಾಲಿ ಬಿಟ್ಟು, ಮೇಜರ್ ಸಾಹೇಬರು ಬಂದ ಮೇಲೆ ಹಾಕಿಸಿದರಾಯಿತು ಅಂದುಕೊಂಡರು. ಬೇರೆ ಯಾರಾದರೂ ಆಗಿದ್ದರೆ ತಾವೇ ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಮೇಜರ್ ಹತ್ತಿ ಬರುವ ದಾರಿಯಲ್ಲಿ ಹಿಮ ಕುಸಿದು ಸತ್ತರು. ರುಜುವಿಲ್ಲದ ಸಾಲನ್ನು ದಾಖಲೆ ಕಚೇರಿ ಒಪ್ಪಲಿಲ್ಲ, ಕಾಗದದಲ್ಲಿ ಇವರು ತಳದ ಶಿಬಿರದಲ್ಲೇ ಉಳಿದರು. ಮುಂದೆ ಆ ನೂರ ಹನ್ನೆರಡು ಜನರಿಗೂ ಪದಕ ಬಂತು. ಆ ಪದಕಗಳ ಪಟ್ಟಿಗೂ ರುಜು ಹಾಕಿದವರು ಇವರೇ.

"ಆಗ್ಲೇ ಕೇಳಿ ಸರಿ ಮಾಡಿಸ್ಬಾರ್ದಿತ್ತಾ?"

"ಆ ಚಳಿಗಾಲದ ವಿಚಾರ ಎತ್ತೋಕೇ ಆಗ್ತಿರ್ಲಿಲ್ಲ, ಅಮ್ಮ. ಪದಕ ತಗೊಂಡು ಏನ್ಮಾಡ್ಲಿ ಅನಿಸ್ತು."

ಮಗು ಹೋದ ದುಃಖ ಎಂದುಕೊಂಡು ನಾನು ಮುಂದೆ ಕೇಳಲಿಲ್ಲ.

ಅರ್ಜಿ ಹಾಕಿದೆವು. ಸಾಕ್ಷಿಗಳ ಹೇಳಿಕೆ ಸಾಲದು, ಆ ಕಾಲದಲ್ಲೇ ಬರೆದ ದಾಖಲೆ ಬೇಕು ಎಂದು ಉತ್ತರ ಬಂತು. ಮತ್ತೆ ಬರೆದೆ. ಅದಕ್ಕೂ ಅದೇ ಉತ್ತರ, ತಾರೀಖು ಮಾತ್ರ ಬೇರೆ. ಏಳು ಕಾಗದ ಬರೆದೆ, ಫೋನಿನಲ್ಲಿ ಮೂವರ ಜೊತೆ ಜಗಳವಾಡಿದೆ. ಮಳೆಯೋ ಬಿಸಿಲೋ, ಮಂಗಳವಾರ ಹತ್ತು ಗಂಟೆಗೆ ಸಾಹೇಬರು ಹಾಜರು. ಬಂದವರು ಕಡತದ ವಿಚಾರಕ್ಕಿಂತ ಮೊದಲು ಮನೆಯ ವಿಚಾರ ಹೇಳುವರು. "ಇವತ್ತು ಕನ್ನಡಕ ಹುಡುಕ್ತಿದ್ದೆ. ಬೆರಳು ಮಾಡಿ ತೋರಿಸಿದ್ಲು, ಅಮ್ಮ." ಮಾತಾಡಲಿಲ್ಲ, ಆದರೆ ತೋರಿಸಿದಳು. ಅದನ್ನೇ ದೊಡ್ಡ ಸುದ್ದಿ ಎಂಬಂತೆ ಹೇಳುತ್ತಿದ್ದರು. ನಾನೂ ದೊಡ್ಡ ಸುದ್ದಿ ಎಂದೇ ಕೇಳುತ್ತಿದ್ದೆ.

ಮನೆಯಲ್ಲಿ ನಮ್ಮ ಯಜಮಾನರು, "ಆ ಮುದುಕ ನಿನಗೇನು ಸೋದರಮಾವನಾ?" ಎಂದು ಕೆಣಕಿದರು. "ಹೌದು, ಏನೀಗ?" ಎಂದೆ. ಆಮೇಲೆ ಅವರು ಆ ತಂಟೆಗೆ ಬರಲಿಲ್ಲ.

ಅರ್ಜಿ ಹಾಕಿದ ಒಂಬತ್ತನೆಯ ತಿಂಗಳಲ್ಲಿ ಒಂದು ದಪ್ಪ ಲಕೋಟೆ ಬಂತು. ಮೇಲಿನ ಠಾಣೆಯ ವೈರ್‌ಲೆಸ್ ಪುಸ್ತಕ ಯಾವುದೋ ಉಗ್ರಾಣದ ಮೂಲೆಯಲ್ಲಿ ಸಿಕ್ಕಿತ್ತು. ಅದರ ಇಪ್ಪತ್ತಮೂರು ಪುಟಗಳ ನಕಲು ಕಳಿಸಿದ್ದರು. ಬಂದ ಸಂದೇಶ, ಹೋದ ಸಂದೇಶ, ದಿನ, ಗಂಟೆ. ಪುಟ ಪುಟದಲ್ಲೂ ಸಾಹೇಬರ ಹೆಸರು, ಅವರ ಆ ಚಿಕ್ಕ ರುಜು. ನಾನು ಸಂತೋಷದಲ್ಲಿ ಮೇಜು ಗುದ್ದಿದೆ. ಗುದ್ದಿದ ಕೈಯಲ್ಲೇ ಹದಿನಾಲ್ಕನೆಯ ಪುಟ ತಿರುಗಿಸಿದೆ.

"ಕ್ಯಾಪ್ಟನ್ ಅವರಿಗೆ ಮನೆಯಿಂದ: ಮಗು ಗಂಭೀರ, ಕೂಡಲೇ ಹೊರಡಿ." ಸಂದೇಶ ಪಡೆದದ್ದಕ್ಕೆ ರುಜು, ಅವರದೇ. ಕೆಳಗೆ ಮರುದಿನ ಬೆಳಿಗ್ಗೆಯದು: "ಹೆಲಿಕಾಪ್ಟರ್ ಬಂದಿದೆ. ಜಾಗ ಒಂದು. ಕೆಳಗೆ ಹೋಗುವವರು: ಕ್ಯಾಪ್ಟನ್." ಆ ಕೊನೆಯ ಪದದ ಮೇಲೆ ಒಂದು ಗೆರೆ. ಸ್ಕೇಲಿಟ್ಟು ಹೊಡೆದ ಗೆರೆ, ಪಕ್ಕದಲ್ಲಿ ರುಜು. ಮುಂದೆ ಸಾಹೇಬರದೇ ಕೈಬರಹದಲ್ಲಿ, "ಅಡುಗೆಯವನು, ಶ್ವಾಸಕೋಶದಲ್ಲಿ ನೀರು." ಅದರ ನಂತರ ಹದಿನೇಳು ದಿನ ಒಂದೇ ಒಕ್ಕಣೆ: "ಹವೆ ಕೆಟ್ಟಿದೆ, ಹೆಲಿಕಾಪ್ಟರ್ ಇಲ್ಲ."

ತಾರೀಖು ನೋಡಿದೆ. ಮಗು ಆಸ್ಪತ್ರೆ ಸೇರಿ ಮೂರನೆಯ ದಿನ ಆ ಸಂದೇಶ ಬಂದಿತ್ತು. ಆಮೇಲೂ ಎಂಟು ದಿನ ಮಗು ಬದುಕಿತ್ತು.

ಮಂಗಳವಾರ ಆ ಪುಟವನ್ನು ಅವರ ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಈ ಪುಸ್ತಕ ಹಾಳಾಗಿ ಹೋಯ್ತು ಅಂದುಕೊಂಡಿದ್ದೆ. ಅವನು ಉಸಿರೆಳೆಯೋ ಸದ್ದು ಡೇರೆಯ ಹೊರಗೂ ಕೇಳ್ತಿತ್ತು, ಅಮ್ಮ. ಮಗುಗೆ ಆಸ್ಪತ್ರೆ ಇದೆ, ಡಾಕ್ಟರ್ ಇದ್ದಾರೆ, ಅವಳಮ್ಮ ಇದ್ದಾಳೆ, ಇವನಿಗೆ ಇಲ್ಲಿ ಯಾರಿದ್ದಾರೆ ಅಂದುಕೊಂಡೆ. ಮಾರನೇ ದಿನ ಇನ್ನೊಂದು ಹೆಲಿಕಾಪ್ಟರ್ ಬರುತ್ತೆ ಅಂದಿದ್ರು. ಬರ್ಲಿಲ್ಲ."

"ಮನೇಲಿ ಹೇಳ್ಲೇ ಇಲ್ವಾ ಸಾರ್?"

"ನಾನು ಮನೆ ಸೇರಿದಾಗ ಅವಳೇ ಕೇಳಿದ್ಲು. 'ಸುದ್ದಿ ತಡವಾಗಿ ಸಿಕ್ತು ಅಲ್ವಾ?' ಅಂತ. ಅವಳ ಮುಖ ನೋಡಿ ಹೂಂ ಅಂದೆ. ನಾನು ಹೇಳಿದ ಸುಳ್ಳು ಅದೊಂದೇ."

ನಾನು ಬಹಳ ಯೋಚಿಸಲಿಲ್ಲ. "ಉಳಿದ ಇಪ್ಪತ್ತೆರಡು ಪುಟ ಸಾಕು ಸಾರ್. ಇದನ್ನ ತೆಗೆದಿಡ್ತೀನಿ" ಎಂದೆ. ಅವರು ನನ್ನನ್ನೇ ನೋಡಿದರು. ಜೀವಮಾನವಿಡೀ ಒಂದು ಸಾಲು ಅತ್ತಿತ್ತ ಮಾಡದ ಮನುಷ್ಯ. "ಹಾಗೇ ಮಾಡಿ" ಎಂದರು, ದನಿ ಕೇಳಿಸದಷ್ಟು ಮೆಲ್ಲಗೆ. ಹಾಳೆಯನ್ನು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಕೆಲಸಕ್ಕೆ ಸೇರಿದಾಗಿನಿಂದ ಕಡತದ ಕಾಗದ ಬಚ್ಚಿಟ್ಟವಳಲ್ಲ. ಆ ದಿನ ತಪ್ಪು ಮಾಡಿದೆನೆಂದು ಅನಿಸಲೂ ಇಲ್ಲ.

ಎರಡು ತಿಂಗಳಿಗೆ ಆದೇಶ ಬಂತು, ಜೊತೆಯಲ್ಲಿ ಚಿಕ್ಕ ರಟ್ಟಿನ ಪೆಟ್ಟಿಗೆ. ಯಾರ ಪದಕವನ್ನೂ ನಾನು ಮನೆಗೆ ಒಯ್ದು ಕೊಟ್ಟವಳಲ್ಲ, ಇದನ್ನು ಒಯ್ದೆ. ಎರಡನೆಯ ಮಹಡಿ, ಎರಡು ರೂಮು. ಸಾಹೇಬರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಬಾಗಿಲು ತೆಗೆದ ಹೆಂಡತಿ ಸಣ್ಣ ಜೀವ, ಒದ್ದೆ ಕೈ ಒರೆಸಿಕೊಳ್ಳುತ್ತ, "ಬಾಮ್ಮ, ಕೂತ್ಕೋ" ಎಂದರು. ನಾನು ಕೂರದೆ ಆದೇಶ ಓದಿದೆ. ಇಂಥ ದಿನದಿಂದ ಇಂಥ ದಿನದವರೆಗೆ ಕ್ಯಾಪ್ಟನ್ ಅವರು ಮೇಲಿನ ಠಾಣೆಯಲ್ಲಿದ್ದರು, ಹಿಂದಿನ ನಮೂದನ್ನು ರದ್ದುಪಡಿಸಲಾಗಿದೆ, ಎರಡೂ ಪದಕಗಳಿಗೆ ಅರ್ಹರು.

"ಇನ್ನೊಂದ್ಸಲ ಓದಮ್ಮ" ಎಂದರು ಆಕೆ. ಓದಿದೆ.

ಆಕೆ ಪೆಟ್ಟಿಗೆ ತೆರೆದು ಒಂದು ಪದಕ ಕೈಗೆತ್ತಿಕೊಂಡು ಕಿಟಕಿಯ ಕಡೆ ಹೋದರು. "ರೀ" ಎಂದರು. ಸಾಹೇಬರು ಕಣ್ಣು ಮುಚ್ಚಿಕೊಂಡರು.

"ತಪ್ಪಾಯ್ತು ರೀ. ಒಂದು ವರ್ಷ ನಿಮ್ಮ ಹೊಟ್ಟೆ ಉರಿಸಿದೆ. ಯಾರೋ ಓದಿದ್ದು ಕೇಳಿ ನಿಮ್ಮನ್ನ ಅನುಮಾನಪಟ್ಟೆ. ಬರೋ ಹಾಗಿದ್ದಿದ್ರೆ ನೀವು ಓಡಿ ಬರ್ತಿದ್ರಿ ಅಂತ ನನಗೆ ಗೊತ್ತಿರ್ಬೇಕಿತ್ತು." ಹೇಳುತ್ತ ಹೇಳುತ್ತ ಅವರ ಮನೆಯ ಅಂಗಿಗೇ ಪದಕ ಚುಚ್ಚಲು ಹೋದರು. ಪಿನ್ನು ಸಿಕ್ಕಿಸಲು ಆಗಲಿಲ್ಲ.

ಸಾಹೇಬರು ಆ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಅಮ್ಮ, ಆ ಹಾಳೆ ತಂದಿದ್ದೀರಾ?"

"ಯಾವ ಹಾಳೆ ಸಾರ್?" ಎಂದೆ. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಬೇಕಾದದ್ದು ಸಿಕ್ಕಿದೆಯಲ್ಲ, ಸುಮ್ಮನಿರಬಾರದೇ ಮುದುಕಾ ಎಂದು ಒಳಗೊಳಗೇ ಬೈದೆ.

ಅವರು ಹೆಂಡತಿಯ ಕಡೆ ತಿರುಗಿದರು. "ಬರೋ ಹಾಗಿತ್ತು ಕಣೇ" ಎಂದರು.

ಹಾಳೆ ಬೇಕಾಗಲಿಲ್ಲ. ಸಂದೇಶ ಸಿಕ್ಕಿದ ದಿನ, ಒಂದೇ ಜಾಗ, ಅಡುಗೆಯವನ ಉಸಿರಿನ ಸದ್ದು, ಬಾರದ ಹೆಲಿಕಾಪ್ಟರು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. ಎಲ್ಲೂ ತಡವರಿಸಲಿಲ್ಲ. ಆಕೆ ಪದಕ ಹಿಡಿದುಕೊಂಡೇ ನಿಂತಿದ್ದರು. ಕೆಳಗಡೆ ಯಾರೋ ನಲ್ಲಿಯ ಹತ್ತಿರ ಬಕೆಟ್ಟು ಎಳೆಯುತ್ತಿದ್ದರು. ಅಲ್ಲಿಂದ ಓಡಿಹೋಗಬೇಕು ಅನಿಸಿತು.

"ಆ ಅಡುಗೆಯವನು ಬದುಕಿದ್ನಾ?" ಎಂದು ಕೇಳಿದರು ಆಕೆ.

"ಬದುಕಿದ. ಆಮೇಲೆ ಇಪ್ಪತ್ತು ವರ್ಷ ಇದ್ದ."

"ಮಕ್ಕಳು?"

"ಮೂರು ಜನ."

ಆಕೆ ತಲೆಯಾಡಿಸಿದರು. ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು.

"ಮೂರು ಜನ" ಎಂದರು. "ನಮಗೆ ಒಬ್ಳೇ ಇದ್ದಿದ್ದು, ರೀ."