ಮುಕ್ಕಾಲು ಭಾವನ ಸೆಂಟರ್ ಸ್ಪೀಕರ್

ನನ್ನ ಅಕ್ಕನ ಗಂಡ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದರು. ಗೂಡಿನಂಥ ಗಾಜಿನ ಕೋಣೆ, ಒಳಗೊಂದು ಮೇಜು, ಮೇಜಿನ ಮೇಲೊಂದು ಮೈಕು, ಮೈಕಿನ ಹಿಂದೆ ಭಾವ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಬೆಳಗಿನಿಂದ ಸಂಜೆಯವರೆಗೆ ಸಾರುವುದು ಅವರ ಕೆಲಸ. ಕಂಚಿನ ಕಂಠ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಏನೆಂದರೆ, ಪೂರ್ತಿಯಾದ ಒಂದು ಮಾತೂ ಇರಲಿಲ್ಲ.

ಭಾವ ವಾಕ್ಯದ ಬಾಲ ನುಂಗುತ್ತಿದ್ದರು. ನಮ್ಮ ಭಾಷೆಯಲ್ಲಿ ಜೀವ ಇರುವುದೇ ಬಾಲದಲ್ಲಿ. “ಪ್ರಯಾಣಿಕರ ಗಮನಕ್ಕೆ. ಸಂಜೆಯ ಎಕ್ಸ್‌ಪ್ರೆಸ್ ಬಸ್ಸು ಇಂದು ಹೊರಡು...” ಎಂದು ಘನಗಂಭೀರವಾಗಿ ಹೊರಟದ್ದು ಅಲ್ಲಿಗೇ ಗಂಟಲೊಳಗೆ ಇಳಿದುಹೋಗುತ್ತಿತ್ತು. ಹೊರಡುತ್ತದೋ, ಹೊರಡುವುದಿಲ್ಲವೋ? ಅರ್ಧ ಜನ ಚೀಲ ಎತ್ತಿಕೊಂಡು ಓಡುತ್ತಿದ್ದರು, ಇನ್ನರ್ಧ ಜನ ಎತ್ತಿದ ಚೀಲ ಇಳಿಸಿ ಕೂರುತ್ತಿದ್ದರು. ಆಮೇಲೆ ಎರಡೂ ಗುಂಪಿನವರು ಹೋಗಿ ಪೇಪರ್ ಮಾರುವವನನ್ನು ಕೇಳುತ್ತಿದ್ದರು. ಡ್ರೈವರುಗಳು ಭಾವನಿಗೆ ‘ಮುಕ್ಕಾಲು’ ಎಂದು ಹೆಸರಿಟ್ಟಿದ್ದರು.

ಭಾವನ ಪ್ರಕಾರ ತಪ್ಪೆಲ್ಲ ನಿಲ್ದಾಣದ ಸ್ಪೀಕರುಗಳದ್ದು. ದೂರು ಹೇಳುವಾಗ, ಜಂಬ ಕೊಚ್ಚುವಾಗ ಮಾತ್ರ ಅವರ ವಾಕ್ಯಕ್ಕೆ ಬಾಲವಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರ ದೂರು ಕೇಳಿ ಕೇಳಿ ಸಾಕಾಗಿ ಮೇಲಿನವರು ಸ್ಪೀಕರು ಬದಲಾಯಿಸಿಯೂ ಕೊಟ್ಟರು. ಹೊಸ ಸ್ಪೀಕರುಗಳು ಅದೇ ಮುಕ್ಕಾಲು ವಾಕ್ಯವನ್ನು ಎದುರು ಬೀದಿಯವರಿಗೂ ಮುಟ್ಟಿಸಿದವು.

ಮನೆಯಲ್ಲಿ ಸ್ಪೀಕರಿನ ನೆಪವೂ ಇರಲಿಲ್ಲ. “ಕಾಫಿ ಕೊಡ್ಲಾ?” ಎಂದು ಅಕ್ಕ ಕೇಳಿದರೆ ಭಾವ “ಬೇ...” ಎನ್ನುತ್ತಿದ್ದರು. ಬೇಕೋ ಬೇಡವೋ ದೇವರಿಗೇ ಗೊತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಈ ಉತ್ತರಕ್ಕೆ ಅಕ್ಕ ತನ್ನದೇ ದಾರಿ ಕಂಡುಕೊಂಡಿದ್ದಳು, ಅರ್ಧ ಲೋಟ ತಂದಿಡುತ್ತಿದ್ದಳು. ಬೇಕಾದರೆ ಅರ್ಧ ಸಿಕ್ಕಿತು, ಬೇಡವಾದರೆ ಅರ್ಧವೇ ದಂಡ.

ಇದೆಲ್ಲ ನಗುವ ವಿಷಯವೇ, ಒಂದನ್ನು ಬಿಟ್ಟರೆ. ಮದುವೆಯ ಮಾತು ನಡೆದ ದಿನ ನಮ್ಮಪ್ಪ ಎಲ್ಲರೆದುರು ಭಾವನನ್ನು ನೇರವಾಗಿ ಕೇಳಿದ್ದರು: “ನಮ್ಮ ಹುಡುಗಿ ನಿಮಗೆ ಬೇಕೋ ಬೇಡವೋ, ದಾಕ್ಷಿಣ್ಯ ಬಿಟ್ಟು ಹೇಳಿಬಿಡಿ.” ಭಾವ “ಬೇ...” ಎಂದರು. ಅಪ್ಪನಿಗೆ ಕಿವಿ ಮಂದ, ಆಸೆ ಜೋರು. “ಬೇಕಂತೆ,” ಎಂದು ಸಾರಿಬಿಟ್ಟರು. ಅನೌನ್ಸರ್ ಆಗಬೇಕಾಗಿದ್ದವರು ನಮ್ಮಪ್ಪ.

ಅಕ್ಕ ಎದುರಿಗೇ ಕೂತಿದ್ದಳು. ಎಷ್ಟೋ ವರ್ಷದ ಮೇಲೆ ಒಮ್ಮೆ ಬಟ್ಟೆ ಮಡಚುತ್ತಾ ನನಗೆ ಹೇಳಿದಳು: “ಅವತ್ತು ಅವರು ಏನಂದ್ರೋ ನಂಗೆ ಇವತ್ತಿಗೂ ಗೊತ್ತಿಲ್ಲ ಕಣೋ. ಕೇಳಿದ್ರೆ ಅದಕ್ಕೂ ಮುಕ್ಕಾಲು ಉತ್ತರಾನೇ ಬರುತ್ತೆ.” ನಾನು ನಕ್ಕೆ. ಅವಳು ನಗಲಿಲ್ಲ. ಅದು ಅವಳಿಗೆ ಚಪ್ಪಲಿಯೊಳಗಿನ ಹರಳಿನಂತೆ ಎಂದು ನನಗೆ ಆಗ ಗೊತ್ತಾಯಿತು.

ಭಾವ ನಿವೃತ್ತರಾದರು. ಟೀವಿಯ ಎರಡೂ ಪಕ್ಕ ಮೊದಲೇ ಎರಡು ಸ್ಪೀಕರು ಇದ್ದವು, ಜೊತೆಗೊಂದು ಆಂಪ್ಲಿಫೈಯರ್. ದಿನವಿಡೀ ಸಿನಿಮಾ ನೋಡತೊಡಗಿದ ಭಾವನಿಗೆ ಹೊಸ ದೂರು ಹುಟ್ಟಿತು. “ಈಗಿನ ನಟರಿಗೆ ಮಾತಾಡೋಕೇ ಬರಲ್ಲ. ಮಾತಿನ ಕೊನೆ ನುಂಗಿಬಿಡ್ತಾರೆ,” ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಗಡಿಯಾರದ ಕಡೆ ನೋಡಿದೆ.

ಸ್ಪೀಕರಿನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವನು, “ಸಾರ್, ಸಿನಿಮಾದಲ್ಲಿ ಮಾತೆಲ್ಲ ಬರೋದು ನಡುವಿನ ಸ್ಪೀಕರ್‌ನಿಂದ. ನಿಮ್ಮನೇಲಿ ಅದೇ ಇಲ್ಲ. ಪಕ್ಕದ ಎರಡು ಯಾವ ಕಂಪನಿದೋ ಅದೇ ಕಂಪನಿದು ತಗೊಳ್ಳಿ. ಇಲ್ಲಾಂದ್ರೆ ಒಬ್ಬ ಮನುಷ್ಯ ಕೋಣೆಯ ಆ ಕಡೆಯಿಂದ ಈ ಕಡೆಗೆ ನಡೆಯುವಷ್ಟರಲ್ಲಿ ಗಂಟಲೇ ಬದಲಾಗುತ್ತೆ,” ಎಂದ. ಟೀವಿ ಮೇಜಿನ ಅಗಲ ಎಷ್ಟು ಎಂದೂ ಕೇಳಿದ. ಭಾವ “ದೊಡ್ಡ...” ಎಂದರು. ದೊಡ್ಡದಿದೆಯೋ, ದೊಡ್ಡದಲ್ಲವೋ? ಅವನೂ ನಮ್ಮಪ್ಪನ ಥರದವನೇ, ತನಗೆ ಬೇಕಾದ ಬಾಲ ಅಂಟಿಸಿಕೊಂಡು ಅಂಗಡಿಯಲ್ಲೇ ಅತಿ ಉದ್ದನೆಯದನ್ನು ಕಟ್ಟಿಕೊಟ್ಟ.

ಅದು ತೊಟ್ಟಿಲಿನಷ್ಟಿತ್ತು. ಟೀವಿ ಮೇಜಿನ ಕೆಳಗಿನ ಗೂಡಿಗೆ ತುರುಕಿದರೆ ಅರ್ಧ ಒಳಗೆ, ಅರ್ಧ ಹೊರಗೆ. ಮಾತು ಕೊಡದೊಳಗಿಂದ ಬಂದಂತೆ ಗುಂಯ್ ಎನ್ನುತ್ತಿತ್ತು. ನೆಲಕ್ಕಿಳಿಸಿದರೆ ಮಾತೆಲ್ಲ ನಮ್ಮ ಮೊಣಕಾಲಿಗೆ ಕೇಳಿಸಿತು. ಟೀವಿಯ ಮೇಲೆ ಇಡಲು ಹೊರಟಾಗ ಅಕ್ಕ ಅಡ್ಡ ನಿಂತಳು. ಕೊನೆಗೆ ಗೋಡೆಗೆ ಹಲಗೆ ಹೊಡೆಸಿ, ಟೀವಿಯ ಕೆಳಗೆ ಅಂಚಿಗೆ ಸರಿಯಾಗಿ ಕೂರಿಸಿ, ಮುಂಭಾಗದ ಅಡಿಗೆ ಎರಡು ರಬ್ಬರು ಕೊಟ್ಟು ಮೂತಿ ಮೇಲಕ್ಕೆತ್ತಿದೆವು. ಸ್ಪೀಕರು ಕಿವಿಯತ್ತ ನೋಡಬೇಕಂತೆ. ಯಾರ ಕಿವಿ? ಸೋಫಾದ ನಡುವೆ ಕೂರುವವರದ್ದು, ಅಂದರೆ ಭಾವನದ್ದು. ಅಕ್ಕನ ಜಾಗ ಅಡುಗೆಮನೆ ಬಾಗಿಲ ಬಳಿಯ ಕುರ್ಚಿ.

ಆಮೇಲೆ ಸದ್ದಿನ ಅಳತೆ. ಆಂಪ್ಲಿಫೈಯರಿನ ಜೊತೆ ಬಂದ ಪುಟ್ಟ ಮೈಕನ್ನು ಸೋಫಾದ ನಡುವೆ ಇಟ್ಟರೆ, ಒಂದೊಂದೇ ಸ್ಪೀಕರು ಬುಸ್ ಎಂದು ಸದ್ದು ಮಾಡುತ್ತದೆ, ಯಂತ್ರ ಅದನ್ನು ಕೇಳಿ ಯಾವುದು ಎಷ್ಟು ಜೋರು ಇರಬೇಕೆಂದು ಗೊತ್ತುಮಾಡುತ್ತದೆ. ಯಾರೂ ಉಸಿರೆತ್ತುವಂತಿಲ್ಲ. ಸರಿಯಾಗಿ ನಡುವಿನ ಸ್ಪೀಕರಿನ ಸರದಿಗೆ ಕುಕ್ಕರ್ ಕೂಗಿತು. ಸದ್ದು ವಿಪರೀತವಾಯಿತೆಂದು ತಿಳಿದ ಯಂತ್ರ ನಡುವಿನ ಸ್ಪೀಕರನ್ನು ಪಿಸುಮಾತಿಗೆ ಇಳಿಸಿಬಿಟ್ಟಿತು. ಭಾವ ಅಕ್ಕನನ್ನೂ ನನ್ನನ್ನೂ ಅಂಗಳಕ್ಕೆ ಅಟ್ಟಿ ಮತ್ತೊಮ್ಮೆ ಅಳತೆ ಮಾಡಿಸಿದರು. “ಬಸ್ಸು ಬಂತಾ?” ಎಂದು ಅಕ್ಕ ಹೊರಗಿನಿಂದ ಕೇಳುತ್ತಿದ್ದಳು.

ಪರೀಕ್ಷೆಗೆ ಯಾವ ಸಿನಿಮಾ ಹಾಕುವುದು? ಭಾವ ಕತ್ತು ನೆಟ್ಟಗೆ ಮಾಡಿ, “ಸಿನಿಮಾ ಯಾಕೆ, ನನ್ನ ದನಿ ಇಲ್ವಾ?” ಎಂದರು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಯೊಬ್ಬರು ಗಾಜಿನ ಕೋಣೆಯೊಳಗೇ ಕೂತು, ಅವರ ಕೊನೆಯ ಪ್ರಕಟಣೆಯನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದರು. ಒಂಟಿ ದನಿಯಾದ್ದರಿಂದ ಆಂಪ್ಲಿಫೈಯರ್ ಅದನ್ನು ನೇರ ನಡುವಿನ ಸ್ಪೀಕರಿಗೇ ಕಳಿಸಿತು. ಭಾವನ ಧ್ವನಿ ಭಾವನ ಮುಂದೆಯೇ ಬಂದು ನಿಂತಿತು, ಉಸಿರು ಎಳೆದುಕೊಂಡದ್ದೂ ಕೇಳಿಸುವಷ್ಟು ಶುದ್ಧವಾಗಿ.

“ಪ್ರಯಾಣಿಕರ ಗಮನಕ್ಕೆ. ಸಂಜೆಯ ಎಕ್ಸ್‌ಪ್ರೆಸ್ ಬಸ್ಸು ಇಂದು ಹೊರಡು...”

ಭಾವ ಎದ್ದು ಹೋಗಿ ವೈರು ಅಲುಗಾಡಿಸಿದರು. ಮತ್ತೆ ಹಾಕಿದರು. ಹೊರಡು. ವಾಲ್ಯೂಮ್ ಏರಿಸಿದರು. ಹೊರಡು, ಇನ್ನೂ ಜೋರಾಗಿ.

“ಡಬ್ಬಾ ಸ್ಪೀಕರ್ ಕೊಟ್ಟಿದಾನೆ. ಕೊನೆ ನುಂಗ್ತಿದೆ. ನಾಳೆ ವಾಪಸ್,” ಎಂದರು.

ಅಕ್ಕ ತನ್ನ ಫೋನು ತೆಗೆದು, ಬಾಯಿ ಹತ್ತಿರ ಹಿಡಿದು ರೆಕಾರ್ಡ್ ಮಾಡಿದಳು. “ಊಟ ಆಗಿದೆ, ಕೈತೊಳ್ಕೊಂಡು ಬನ್ನಿ, ಹೊತ್ತಾದ್ರೆ ನಾನು ಬಿಸಿ ಮಾಡಿಕೊಡಲ್ಲ.” ಅದನ್ನೇ ಸ್ಪೀಕರಿಗೆ ಹಾಕಿದಳು. ಕೊನೆಯ ‘ಕೊಡಲ್ಲ’ ಎಷ್ಟು ನಿಚ್ಚಳವಾಗಿ ಬಂತೆಂದರೆ ನನಗೇ ಹಸಿವು ಇಂಗಿಹೋಯಿತು.

ಭಾವ ಸೋಫಾದಲ್ಲಿ ಕುಸಿದು ಕೂತರು. ಅಷ್ಟು ವರ್ಷ ಯಾರೆಲ್ಲ ಬಸ್ಸು ತಪ್ಪಿಸಿಕೊಂಡಿರಬಹುದು ಎಂದು ಲೆಕ್ಕ ಹಾಕುತ್ತಿದ್ದರೇನೋ. ನನಗೆ ಖುಷಿಯಾಗಬೇಕಿತ್ತು, ಯಾಕೋ ಪಾಪ ಅನಿಸಿತು. ಅಕ್ಕನಿಗೆ ಪಾಪ ಅನಿಸಲಿಲ್ಲ. ಅವಳು ಇಷ್ಟು ದಿನ ಕಾದದ್ದು ಈ ಗಳಿಗೆಗೇ.

“ಬಸ್ಸಿನ ಮಾತು ಬಿಡಿ. ಅವತ್ತು ನಮ್ಮಪ್ಪ ಕೇಳಿದಾಗ ನೀವು ಬೇಕು ಅಂದ್ರಾ, ಬೇಡ ಅಂದ್ರಾ?”

“ಬೇ...” ಎಂದರು ಭಾವ.

ಅಕ್ಕ ಫೋನನ್ನು ಅವರ ಕೈಗಿತ್ತಳು. “ಒಳಗೆ ಹೋಗಿ ಇದರಲ್ಲಿ ಹೇಳಿ. ಪೂರ್ತಿ.”

ಭಾವ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತಾದ ಮೇಲೆ ಬಾಗಿಲ ಸಂದಿಯಿಂದ ಒಂದು ಕೈ ಬಂತು, ಕೈಯಲ್ಲಿ ಫೋನು. ಅಕ್ಕ ಅದನ್ನು ತಂದು ಆಂಪ್ಲಿಫೈಯರಿಗೆ ಜೋಡಿಸಿ, ಮೊದಲ ಬಾರಿಗೆ ಸೋಫಾದ ನಡುವೆ ಕೂತಳು.

“ಪ್ರಯಾಣಿಕರ ಗಮನಕ್ಕೆ,” ಎಂದಿತು ಸ್ಪೀಕರು. ಕೆಮ್ಮು. “ಅಲ್ಲ, ನಿನ್ನ ಗಮನಕ್ಕೆ. ಅವತ್ತು ನಾನು ಹೇಳೋಕೆ ಹೊರಟಿದ್ದು ಬೇಡ ಅಂತ.”

ನನಗೆ ಸಿಟ್ಟು ನೆತ್ತಿಗೇರಿತು. ವೈರು ಕಿತ್ತೆಸೆಯೋಣವೆಂದು ಎದ್ದೆ. ಅಕ್ಕ ನನ್ನ ಕೈ ಹಿಡಿದು ಕೂರಿಸಿದಳು.

“ಆಗ ಕೆಲಸ ಹೊಸದು. ನನ್ನೊಬ್ಬನ ಹೊಟ್ಟೆ ತುಂಬಿದ್ರೆ ಸಾಕು ಅನ್ನೋ ಸ್ಥಿತಿ. ಅರ್ಧದಲ್ಲೇ ಹೆದರಿ ನಿಲ್ಲಿಸ್ದೆ. ನಿಮ್ಮಪ್ಪ ಬೇಕಂತೆ ಅಂದುಬಿಟ್ರು. ತಿದ್ದೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀನು ನಕ್ಕೆ. ಆ ನಗು ನೋಡಿದ ಮೇಲೆ ‘ಡ’ ಅನ್ನೋಕೆ ನಾಲಗೆ ಏಳಲಿಲ್ಲ, ನುಂಗಿಬಿಟ್ಟೆ. ಅದೊಂದನ್ನ ನುಂಗಿದ್ದಕ್ಕೆ ನನಗೆ ಇಷ್ಟು ಒಳ್ಳೇದಾಯ್ತು. ಆಮೇಲೆ ಬಾಯಿಗೆ ಅದೇ ಅಭ್ಯಾಸ ಆಗಿಹೋಯ್ತು. ಇಲ್ಲಿಗೆ ಮುಗೀತು. ಮುಗೀತು ಅಂತ ಪೂರ್ತಿ ಹೇಳಿದೀನಿ.”

ಅಕ್ಕನಿಗೆ ನೋವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಚಪ್ಪಲಿಯ ಹರಳು ಕೊನೆಗೂ ಕೈಗೆ ಸಿಕ್ಕಂತೆ ಹಗುರವೂ ಆಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, “ಆ ‘ಡ’ ಎಷ್ಟು ಚೆನ್ನಾಗಿ ಕೇಳಿಸ್ತು ನೋಡೋ. ಸ್ಪೀಕರ್‌ದು ಏನೂ ತಪ್ಪಿಲ್ಲ,” ಎಂದಳು.

ಭಾವ ಬಾಗಿಲು ಸರಿಸಿ ಇಣುಕಿದರು. “ಕೇಳಿಸ್ತಾ?”

“ಪೂರ್ತಿ. ಈಗ ಕಾಫಿ ಬೇಕಾ, ಬೇಡ್ವಾ?”

“ಬೇಕು,” ಎಂದರು ಭಾವ. ‘ಕು’ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು.

ಅಕ್ಕ ನನಗೆ ತುಂಬಿದ ಲೋಟ ಕೊಟ್ಟಳು, ತಾನೂ ತುಂಬಿದ ಲೋಟ ಹಿಡಿದು ಸೋಫಾದ ನಡುವೆಯೇ ಮತ್ತೆ ಕೂತಳು. ಭಾವನ ಲೋಟದಲ್ಲಿ ಅರ್ಧವಿತ್ತು.

“ಬೇಕು ಅಂತ ಪೂರ್ತಿ ಹೇಳಿದ್ನಲ್ಲೇ,” ಎಂದರು ಭಾವ.

“ಕೇಳಿಸ್ತು,” ಎಂದಳು ಅಕ್ಕ. “ಇನ್ನರ್ಧ ಆ ‘ಡ’ಗೆ ಹೋಯ್ತು.”

ಭಾವ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲ ಬಳಿಯ ಕುರ್ಚಿಗೆ ಹೋಗಿ ಕೂತರು.