ಹಳದಿ ಕಾರಿನ ಮೂಗು

ಶಹಾಬಜಾರದ ಚಾಂದಬಿಗೆ ಕಾರು ಓಡಿಸಲು ಬಾರದು. ಆದರೆ ಯಾವ ಕಾರು ಎಲ್ಲಿ ಬಿಸಿಯಾಗುತ್ತದೆ ಎಂದು ಅವಳನ್ನು ಕೇಳಿ ನೋಡಿ. ಅವಳ ಅಂಗೈಗೆ ಎಲ್ಲ ಗೊತ್ತು. ಗಂಡ ಲಾಲ್ ಅಹ್ಮದ್ ಮೂವತ್ತು ವರ್ಷ ಮದುವೆ ಕಾರುಗಳಿಗೆ ಹೂ ಕಟ್ಟಿದವನು. ಈಗ ಅವನ ಕೈ ನಡುಗುತ್ತದೆ. ಅಂಗಡಿಯಲ್ಲಿ ಕೂತು ಮಾಲೆ ಪೋಣಿಸುತ್ತಾನೆ, ಕಾರಿನ ಕೆಲಸ ಇವಳದು. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವುದು. ಬಿಸಿ ಇದ್ದಲ್ಲಿ ಚೆಂಡುಹೂ, ತಣ್ಣಗಿದ್ದಲ್ಲಿ ಮಲ್ಲಿಗೆ. ಮುಂದಿನ ಜಾಲರಿಗೆ ಮಾತ್ರ ಒಂದು ಎಸಳೂ ಇಲ್ಲ. "ಗಾಡಿ ಉಸಿರಾಡೂದು ಅಲ್ಲಿಂದ. ಮೂಗಿಗೆ ಹೂ ತುರುಕಬ್ಯಾಡ." ಲಾಲ್ ಅಹ್ಮದನ ಕಾನೂನು ಇದೊಂದೇ.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತಂತೆ. ಕಟ್ಟಿದ ಕೈ ಮಾತ್ರ ಗಲ್ಲಿ ದಾಟಲಿಲ್ಲ ನೋಡಿ. ಬೀದರ, ಸೇಡಂ, ಕಮಲಾಪುರ, ಎಲ್ಲ ಊರನ್ನೂ ಚಾಂದಬಿಯ ಹೂಗಳು ಕಂಡಿವೆ. ಅವಳು ಕಂಡದ್ದು ಕಾರುಗಳ ಬೆನ್ನು. ಪ್ರತಿ ಕಾರು ಹೊರಟ ಮೇಲೆ ಕಣ್ಣು ಅರೆಮುಚ್ಚಿ ಕೂರುವುದು ಅವಳ ಚಾಳಿ. ಈಗ ನನ್ನ ಮಲ್ಲಿಗೆ ಊರು ದಾಟಿತು, ಈಗ ಜೋಳದ ಹೊಲ ಬಂತು, ಈಗ ಕಮಲಾಪುರದ ಕೆಂಬಾಳೆ ತೋಟ. ಕೆಂಬಾಳೆ ಹಣ್ಣು ತಿಂದಿದ್ದಳು, ಗಿಡ ನೋಡಿರಲಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ ಅಂಗಡಿ ಮುಂದೆ ಹಳದಿ ಸ್ಪೋರ್ಟ್ಸ್ ಕಾರೊಂದು ಬಂದು ನಿಂತಿತು. ನೆಲಕ್ಕೆ ಅಂಟಿದಷ್ಟು ತಗ್ಗು, ಎರಡೇ ಸೀಟು. ಬ್ರಹ್ಮಪುರದ ಅರುಣಕುಮಾರನ ಮದುವೆ, ಕಮಲಾಪುರದಲ್ಲಿ, ಹನ್ನೆರಡೂವರೆಗೆ ಮುಹೂರ್ತ. ಕಾರು ಹೈದರಾಬಾದಿನ ಗೆಳೆಯನದು; ತಾನೇ ಓಡಿಸಿಕೊಂಡು ಹೋಗುವ ಹಟ ಮದುಮಗನದು. ಪಕ್ಕದಲ್ಲಿ ಸೋದರಮಾವ ಅಣವೀರಪ್ಪ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು.

ಚಾಂದಬಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟಳು. ನೀರಿನ ಗಡಿಗೆಯಷ್ಟು ತಣ್ಣಗಿತ್ತು. ಅಂಥ ಭಾಗ್ಯ ಅವಳಿಗೆ ಯಾವ ಕಾರಿನಲ್ಲೂ ಸಿಕ್ಕಿರಲಿಲ್ಲ. ಇಡೀ ಬಾನೆಟ್ಟಿಗೆ ಮಲ್ಲಿಗೆ ಹಾಸಿದಳು. ಸುಡುತ್ತಿದ್ದ ಹಿಂಭಾಗಕ್ಕೆ ಚೆಂಡುಹೂ. ಬಾಗಿಲ ಹಿಂದೆ, ಎರಡೂ ಬದಿಗೆ, ಒಂದೊಂದು ಆಳವಾದ ಗೂಡು ಇತ್ತು, ಗೋಡೆಯಲ್ಲಿ ದೀಪ ಇಡುವ ಗೂಡಿನ ಹಾಗೆ. ಹೂವಿಗಾಗಿಯೇ ಮಾಡಿದ್ದಾರೆ ಅಂದುಕೊಂಡಳು ಹುಚ್ಚಿ. ಇದ್ದ ಕೆಂಪು ಗುಲಾಬಿಯನ್ನೆಲ್ಲ ಅಲ್ಲೇ ಗಿಡಿದು ತಂತಿ ಬಿಗಿದಳು.

"ಭಾಳ ಚಂದ ಆತು ನೋಡು ಚಾಂದಬಿ" ಎಂದರು ಅಣವೀರಪ್ಪ.

ಕಾರು ಹೊರಟಿತು. ಚಾಂದಬಿ ಕಣ್ಣು ಅರೆಮುಚ್ಚಿದಳು.

"ಎಲ್ಲಿ ಬಿಸಿ ಇತ್ತು?" ದಿನದಂತೆ ಲಾಲ್ ಅಹ್ಮದ್ ಕೇಳಿದ.

"ಮುಂದ ತಣ್ಣಗ ಇತ್ತು. ಹಿಂದ ಸುಡಾಕತ್ತಿತ್ತು."

ಅವನ ಕೈಯ ಸೂಜಿ ನಿಂತಿತು. "ಅಂದ್ರ ಇಂಜಿನ್ ಹಿಂದ ಅದ. ಮತ್ತ ಗಾಳಿ ಎಲ್ಲಿಂದ ತಗೋತದ ಅದು?"

ಚಾಂದಬಿ ಕಣ್ಣು ಬಿಟ್ಟಳು. ಮೂಗು ಮುಂದೆಯೇ ಇರಬೇಕೆಂದು ಯಾರು ಹೇಳಿದ್ದರು? ಆ ಗೂಡುಗಳೇ ಮೂಗು. ಎರಡೂ ಹೊಳ್ಳೆಗೆ ಪ್ರೀತಿಯಿಂದ, ತನ್ನ ಕೈಯಾರೆ, ಗುಲಾಬಿ ತುರುಕಿ ಕಳಿಸಿದ್ದಳು.

ಅಣವೀರಪ್ಪನವರ ಫೋನು ಮೂರು ಸಲವೂ ಎಂಗೇಜು. ಪಕ್ಕದ ಮನೆಯ ನೋಮಾನನ ಆಟೊ ಹತ್ತಿದಳು. ಮುಹೂರ್ತ ತಪ್ಪಿದರೆ ಗಂಡನ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಅಷ್ಟು ವರ್ಷ ಕಣ್ಣು ಮುಚ್ಚಿ ಕಂಡಿದ್ದ ದಾರಿ ಎದುರಿಗೇ ಹಾಯುತ್ತಿತ್ತು, ಅವಳು ಒಂದು ಗಿಡವನ್ನೂ ನೋಡಲಿಲ್ಲ.

ಅರ್ಧ ದಾರಿಯಲ್ಲಿ ಹಳದಿ ಕಾರು ಬೇವಿನ ನೆರಳಿಗೆ ನಿಂತಿತ್ತು. ಬಾಸಿಂಗದ ಕೆಳಗೆ ಅರುಣಕುಮಾರನ ಮುಖ ಬೆವರಿ ತೊಪ್ಪೆಯಾಗಿತ್ತು. ಅಣವೀರಪ್ಪ ಫೋನಿನಲ್ಲಿ ಹೈದರಾಬಾದಿನವನನ್ನು ಬೈಯುತ್ತಿದ್ದರು: "ಎಂಥಾ ಡಬ್ಬಾ ಗಾಡಿ ಕೊಟ್ಟೀಯಪಾ." ಸುಮ್ಮನಿದ್ದಿದ್ದರೆ ಬೈಗುಳ ಹೈದರಾಬಾದಿಗೇ ಹೋಗುತ್ತಿತ್ತು. ಚಾಂದಬಿಗೆ ಸುಮ್ಮನಿರಲು ಆಗಲಿಲ್ಲ.

"ಗಾಡಿದು ತಪ್ಪಿಲ್ರಿ ಸಾವ್ಕಾರ್ರ. ಅದರ ಮೂಗು ನಾನೇ ಮುಚ್ಚೀನಿ."

ತಂತಿ ಕತ್ತರಿಸಿ ಗುಲಾಬಿ ಎಳೆದು ಹಾಕಿದಳು. ಒಳಗಿನ ಜಾಲರಿಗೆ ಅಂಟಿದ್ದ ಎಸಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಸಿ ಆರುವವರೆಗೆ ಕಾದು ಅರುಣಕುಮಾರ ಇಂಜಿನ್ ಚಾಲೂ ಮಾಡಿದ. ಚಾಂದಬಿ ಒಂದು ಎಸಳನ್ನು ಗೂಡಿನ ಬಾಯಿಗೆ ಹಿಡಿದಳು. ಎಸಳು ಬೆರಳಿನಿಂದ ತಾನಾಗಿ ಜಾರಿ ಒಳಗೆ ಹಾರಿತು.

"ಉಸಿರು ಬಂತ್ರಿ" ಎಂದಳು. ಅಳು ಬಂದುಬಿಟ್ಟಿತು.

ಅಣವೀರಪ್ಪ ಬಾಯಿ ತೆರೆದರು. ಮದುಮಗ ಬಿಡಲಿಲ್ಲ. "ಬೈಯೂದು ಆಮ್ಯಾಲ, ಮಾಮಾ. ಮತ್ತ ನಿಂತ್ರ ಇದರ ಮೂಗು ಯಾರಿಗಿ ಗೊತ್ತದ? ಚಾಂದಬಿ, ನೀವು ಬರ್ರಿ ಈ ಕಡೆ." ಮಾವನ ಮಂಡಿಗೂ ಅದೇ ಬೇಕಾಗಿತ್ತು. ಬೈಗುಳ ನುಂಗಿಕೊಂಡು ಆಟೊ ಹತ್ತಿದರು.

ಕಾರು ನೆಲವನ್ನೇ ಸವರಿಕೊಂಡು ಹೊರಟಿತು. ಚಾಂದಬಿಯ ಹೆಗಲ ಹಿಂದೆ ಅದು ಸುಂಯ್ ಎಂದು ಉಸಿರೆಳೆಯುತ್ತಿತ್ತು, ಮಗ್ಗುಲಲ್ಲಿ ಮಗು ಮಲಗಿದ ಹಾಗೆ. ಜೋಳದ ತೆನೆಗಳು ಅವಳ ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲಿ ಹೋದವು. ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ.

ಹನ್ನೆರಡು ಹೊಡೆಯುವ ಹೊತ್ತಿಗೆ ಲಾಲ್ ಅಹ್ಮದನ ಫೋನು ಬಂತು. "ಗಾಡಿ ಕಮಲಾಪುರ ಮುಟ್ಟಿತೇನು?"

ಕಿಟಕಿಯಾಚೆ ಕೆಂಬಾಳೆ ತೋಟ ಬಂದಿತ್ತು. ಚಾಂದಬಿ ಗಾಜಿಗೆ ಮುಖ ತಾಗಿಸಿದಳು.

"ಮುಟ್ಟೇವ್ರಿ" ಎಂದಳು. "ಬಾಳಿ ದಿಂಡೂ ಕೆಂಪೇ ಇರ್ತದ್ರಿ."