‘ಹೆಂಗನಿಸ್ತು?’ ಎಂಬ ಪ್ರಶ್ನೆ

ಅಭಿಪ್ರಾಯ ಹೇಳದವರಿಗೆ ಚಹಾ ಇಲ್ಲ. ಎಂಬತ್ತರ ದಶಕದಲ್ಲಿ ರಾಯಚೂರಿನ ನಮ್ಮ ಚಿತ್ರಸಮಾಜದ ಕಟ್ಟಳೆ ಅದು. ಭಾನುವಾರ ಮುಂಜಾನೆ ಶಾಲೆಯೊಂದರ ಸಭಾಂಗಣದಲ್ಲಿ ಪರದೇಶದ ಸಿನಿಮಾ ತೋರಿಸಿ, ಬಾಗಿಲಲ್ಲಿ ಕೆಟಲ್ ಹಿಡಿದು ನಿಲ್ಲುತ್ತಿದ್ದ ಕಾರ್ಯದರ್ಶಿ, ‘ಹೆಂಗನಿಸ್ತು?’ ಎಂದು ಕೇಳದೆ ಯಾರ ಕಪ್ಪಿಗೂ ಒಂದು ಹನಿ ಸುರಿಯುತ್ತಿರಲಿಲ್ಲ. ಮಿತ್ರರೇ, ಚಹಾದ ವಾಸನೆಗೆ ಎಂಥ ಮೌನಿಯೂ ವಿಮರ್ಶಕನಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಸಲ ನನ್ನ ಜೊತೆಗೆ ತಂಗಿ ಶಿವಮ್ಮನೂ ಇದ್ದಳು. ದೇವದುರ್ಗದ ಹತ್ತಿರ, ಅವಳನ್ನು ಕೊಟ್ಟ ಊರಿನಲ್ಲಿ, ಮಂಡಲ ಪಂಚಾಯಿತಿ ಚುನಾವಣೆಗೆ ಅವಳನ್ನು ನಿಲ್ಲಿಸಿದ್ದರು. ಮಾನ್ವಿಯಲ್ಲಿ ಸಣ್ಣ ಛಾಪಖಾನೆ ಇಟ್ಟುಕೊಂಡು ಎಲ್ಲ ಹುರಿಯಾಳುಗಳಿಗೂ ಕರಪತ್ರ ಬರೆದುಕೊಡುತ್ತಿದ್ದ ನಾನು ಅವಳಿಗೊಂದು ಭಾಷಣ ಹೊಸೆದುಕೊಟ್ಟಿದ್ದೆ. ‘ಸರ್ವತೋಮುಖ ಪ್ರಗತಿ’ ಎಂಬಂಥ ನನ್ನ ಶಬ್ದವೈಭವ ನಾಲಿಗೆಯ ಮೇಲೆ ಹೊರಳದೆ, ಊರ ಮುಂದೆ ನಗೆಪಾಟಲಾಗುತ್ತೇನೆಂದು ಹೆದರಿ ಅವಳು ಊಟವನ್ನೇ ಬಿಟ್ಟಿದ್ದಳು. ಮರುದಿನವೇ ಊರಿನಲ್ಲಿ ಅವಳ ಸಭೆ. ಚುನಾವಣೆಯ ಸಿನಿಮಾ ನೋಡಿದರೆ ಧೈರ್ಯ ಬಂದೀತೆಂದು ಕರೆತಂದಿದ್ದೆ.

ಸಿನಿಮಾದಲ್ಲಿ, ಬೇರೊಂದು ದೇಶಕ್ಕೆ ವಿಮಾನದಲ್ಲಿ ಬಂದಿಳಿದ ಬಾಡಿಗೆಯ ಬುದ್ಧಿವಂತರು ಅಲ್ಲಿನ ಅಭ್ಯರ್ಥಿಗೆ ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಎಂದು ಕಲಿಸುತ್ತಿದ್ದರು. ರೀಲು ಬದಲಿಸುವಾಗೆಲ್ಲ ಕಾರ್ಯದರ್ಶಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದ. ಮುಗಿದ ಮೇಲೆ ಅಕ್ಕಿ ಗಿರಣಿಯ ಸಾಹುಕಾರರು, ‘ಭಾರಿ ಕಿಲಾಡಿಗಳು ನೋಡ್ರಿ!’ ಎಂದು ಮೆಚ್ಚಿದರು. ವಕೀಲರೊಬ್ಬರು ಪ್ರಜಾಪ್ರಭುತ್ವ ಮುಳುಗಿತೆಂದು ನಿಟ್ಟುಸಿರಿಟ್ಟರು. ನಾನು ಛಾಯಾಗ್ರಹಣದ ಬಗ್ಗೆ ಏನೋ ಅಂದು ಪಾರಾದೆ. ಆ ಬುದ್ಧಿವಂತರಲ್ಲಿ ನನ್ನದೇ ಮುಖ ಕಂಡಿತೆಂದು ಯಾವ ಬಾಯಿಂದ ಹೇಳಲಿ?

‘ಅಕ್ಕಾರ, ನಿಮಗ ಹೆಂಗನಿಸ್ತ್ರಿ?’ ಕಾರ್ಯದರ್ಶಿ ಶಿವಮ್ಮನ ಕಡೆ ತಿರುಗಿದ.

ಶಿವಮ್ಮ ಸೆರಗು ಎಳೆದುಕೊಂಡಳು. ಆಮೇಲೆ, ‘ಅಷ್ಟು ಮಂದಿ ಅಷ್ಟು ಮಾತಾಡಿದ್ರು. ಓಟು ಹಾಕಾವ್ರಿಗೆ, ನಿಮಗೇನು ಬೇಕು ಅಂತ ಒಬ್ಬರರ ಕೇಳಿದ್ರೇನ್ರಿ?’ ಎಂದಳು.

ಕಾರ್ಯದರ್ಶಿ ಅವಳ ಕಪ್ಪು ತುಂಬಿಸಿದ. ದೇವದುರ್ಗದ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು: ‘ಅಣ್ಣಾ, “ನಿನಗ ಹೆಂಗನಿಸ್ತು” ಅಂತ ನನಗ ಇವತ್ತಿನತನಕ ಯಾರೂ ಕೇಳಿದ್ದಿಲ್ಲ.’ ಅಣ್ಣನಾದ ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಮರುದಿನ ಇಳಿಹೊತ್ತಿಗೆ, ಊರ ಮಂದಿ ಸೇರಿದ್ದ ಕಟ್ಟೆಯ ಮುಂದೆ, ಭಾಷಣದ ಹಾಳೆಯನ್ನು ಅವಳು ನನ್ನ ಕೈಗೇ ಕೊಟ್ಟುಬಿಟ್ಟಳು.

‘ನನಗ ಭಾಷಣ ಬರಂಗಿಲ್ರಿ. ಊರಾಗ ಏನಾಗಬೇಕು, ನೀವು ಹೇಳ್ರಿ. ನಾ ಕೇಳಾಕ ಬಂದೀನಿ.’

ಗಂಡಸರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಕುರಿಗಾರರ ಮನೆಯ ಅಜ್ಜಿಯೊಬ್ಬಳು, ‘ಯವ್ವಾ, ಬಾವಿ ರಾಟಿ ಮುರದು ಎರಡು ವರ್ಷಾತು’ ಎಂದಳು. ಅವಳ ಪಕ್ಕದವಳು ಬಾಯಿ ತೆರೆದಳು, ಅವಳ ಪಕ್ಕದವಳೂ. ಆಮೇಲೆ ದನಿಗಳಿಗೆ ತಡೆಯೇ ಇರಲಿಲ್ಲ.

ಶಿವಮ್ಮ ನನ್ನ ಕಡೆ ತಿರುಗಿದಳು. ‘ಅಣ್ಣಾ, ಬರಕೋ.’

ನಾನು ಭಾಷಣದ ಹಾಳೆಯನ್ನು ಮಗುಚಿ, ಅದರ ಖಾಲಿ ಬದಿಯಲ್ಲಿ ಬರೆಯತೊಡಗಿದೆ.